ಆಹಾರದಲ್ಲಿ ಖನಿಜ ತೈಲ: ಪರೀಕ್ಷೆಯ ಚರಿತ್ರೆ

ಮಾಟುಂಗದ ಕನ್ನಡಿಗರಿಗೆ ಆಹಾರವೆಂದೊಡನೆ ನೆನಪಾಗುವುವು ಇಲ್ಲಿಯ ಉಡುಪಿ ಹೋಟೆಲುಗಳು. ಅವುಗಳಿಗೆ ಅನತಿದೂರದಲ್ಲಿ ಎಣ್ಣೆ ಕೊಬ್ಬುಗಳ ರಸಾಯನವನ್ನು ಬೋಧಿಸುವ ವಿದ್ಯಾಕೇಂದ್ರವೊಂದಿದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರವಿದ್ಯಾ ವಿಭಾಗವಾಗಿ ಹುಟ್ಟಿ, 1943ರಲ್ಲಿ ಮಾಟುಂಗಕ್ಕೆ ಬಂದ ಆ ಸಂಸ್ಥೆಯು ಇಂದು ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯೆಂದು ಪ್ರಸಿದ್ಧವಾಗಿದೆ. ಅಲ್ಲಿ ಬೋಧಿಸಲ್ಪಡುವ ಶಾಸ್ತ್ರದ ಒಂದು ಸಣ್ಣ ಅಧ್ಯಾಯ, ಆಹಾರದಲ್ಲಿ ಖನಿಜ ತೈಲವನ್ನು ಗುರುತಿಸುವ ಬಗೆ, ನಮ್ಮ ನಾಡಿನ ಬೆಳೆಗಾರರಿಗೂ ವ್ಯಾಪಾರಿಗಳಿಗೂ ಹೇಗೆ ಸಂಬಂಧಿಸಿದುದೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರೀಕ್ಷೆಯ ಮೂಲತತ್ತ್ವವು ಸರಳವಾದುದು. ಕಡಲೆಕಾಯಿ, ಎಳ್ಳು, ತೆಂಗು ಮೊದಲಾದುವುಗಳ ಎಣ್ಣೆಯು ಕ್ಷಾರದೊಡನೆ ಕುದಿದರೆ ಸಾಬೂನಾಗುತ್ತದೆ. ಭೂಗರ್ಭದಿಂದ ಬಂದ ತೈಲವು ಆಗುವುದಿಲ್ಲ. ಜರ್ಮನ್ ರಸಾಯನಜ್ಞ ಹೋಲ್ಡೆಯ ಹೆಸರಿನಿಂದ ಪ್ರಸಿದ್ಧವಾದ ಪರೀಕ್ಷೆಯು ಈ ಭೇದವನ್ನೇ ಅವಲಂಬಿಸಿದೆ. 1 ಮಿಲಿಲೀಟರು ಎಣ್ಣೆಯನ್ನು ಮದ್ಯಸಾರದಲ್ಲಿ ಕರಗಿಸಿದ 25 ಮಿಲಿಲೀಟರು ಪೊಟ್ಯಾಷ್ ಕ್ಷಾರದೊಡನೆ ತಿಳಿಯಾಗುವವರೆಗೆ ಕುದಿಸಿ, ಅಷ್ಟೇ ಪ್ರಮಾಣದ ಬಿಸಿನೀರನ್ನು ಮೆಲ್ಲನೆ ಸುರಿಯಬೇಕು. ದ್ರಾವಣವು ತಿಳಿಯಾಗಿಯೇ ಉಳಿದರೆ ಎಣ್ಣೆಯು ಶುದ್ಧ. ಬಗ್ಗಡವಾದರೆ ಖನಿಜ ತೈಲದ ಸಂಶಯ.

1954ರ ಆಹಾರ ಕಲಬೆರಕೆ ನಿವಾರಣಾ ಕಾನೂನಿನ ಕಾಲಕ್ಕೆ ಈ ಪರೀಕ್ಷೆ ಸಾಕಾಗಿದ್ದಿತು. ಲಾಭಕ್ಕಾಗಿ ಬೆರಸುವವನು ನೂರಕ್ಕೆ ಹಲವು ಭಾಗವನ್ನು ಬೆರಸುತ್ತಾನೆ. ಅದನ್ನು ಕಣ್ಣೇ ಕಾಣುತ್ತದೆ. ಆದರೆ ಯಾರೂ ಬೆರಸದೆಯೇ ಸೇರುವ ಎಣ್ಣೆಯ ಗತಿಯೇನು?

1990ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿ ಕೋನಿ ಗ್ರೋಬ್ ಮತ್ತು ಸಂಗಡಿಗರು ಸೆಣಬಿನ ಚೀಲಗಳಲ್ಲಿ ಬಂದ ಆಹಾರವಸ್ತುಗಳಲ್ಲಿ ಖನಿಜ ತೈಲವನ್ನು ಕಂಡರು. ಕಾರಣ ವಿಚಿತ್ರವಾಗಿದ್ದಿತು. ಗಿರಣಿಯಲ್ಲಿ ಸೆಣಬಿನ ನಾರನ್ನು ಮೆದುಗೊಳಿಸಲು ಚಿಮುಕಿಸುವ ಎಣ್ಣೆಯೇ ಚೀಲದಿಂದ ಕಾಳಿಗೆ ಇಳಿದಿದ್ದಿತು! ಕೊಡಗು, ಚಿಕ್ಕಮಗಳೂರುಗಳ ಕಾಫಿಯೂ ಗೋಣಿಚೀಲಗಳಲ್ಲಿಯೇ ಕಡಲು ದಾಟುತ್ತಿದ್ದುದನ್ನು ನೆನೆದರೆ ಇದು ಪರರ ಚಿಂತೆಯೆನ್ನಲಾಗದು. 1998ರಲ್ಲಿ ಅಂತರರಾಷ್ಟ್ರೀಯ ಸೆಣಬು ಸಂಸ್ಥೆಯು ಆಹಾರಯೋಗ್ಯ ಚೀಲಕ್ಕೆ ನಿಯಮ ವಿಧಿಸಿ, ಸಾಬೂನಾಗದ ಅಂಶವು ಕಿಲೋಗ್ರಾಮಿಗೆ 1,250 ಮಿಲಿಗ್ರಾಮನ್ನು ಮೀರಬಾರದೆಂದಿತು. ಅಕ್ಕಿತೌಡಿನ ಎಣ್ಣೆಯಂತಹ ಸಸ್ಯತೈಲಗಳು ಈ ಕೆಲಸಕ್ಕೆ ಬಂದುವು.

ಇದಕ್ಕೆ ವ್ಯತಿರಿಕ್ತವಾದುದು 2012ರ ಡಿಸೆಂಬರಿನ ಕೊಚ್ಚಿಯ ಪ್ರಕರಣ. ಹೊಳಪು ಬರಲೆಂದೂ ಬೂಸ್ಟು ಹಿಡಿಯದಿರಲೆಂದೂ ಕರಿಮೆಣಸಿಗೆ ಖನಿಜ ತೈಲವನ್ನು ಸವರುವ ಪದ್ಧತಿಯುಂಟು. ಅದರ ಸಂಶಯದಿಂದ ಆಹಾರ ಸುರಕ್ಷಾಧಿಕಾರಿಗಳು ಅಲ್ಲಿಯ ಉಗ್ರಾಣಗಳಲ್ಲಿದ್ದ ಸಾವಿರಾರು ಟನ್ ಮೆಣಸಿಗೆ ಮುದ್ರೆಯೊತ್ತಿದರು. ಬ್ಯಾಂಕಿನವರಾದ ನಾವು ಉಗ್ರಾಣದ ರಸೀದಿಯ ಮೇಲೆ ಸಾಲ ಕೊಡುವಾಗ ತೂಕವನ್ನೂ ದರ್ಜೆಯನ್ನೂ ನೋಡುತ್ತೇವೆ. ಆದರೆ ಮುದ್ರೆ ಬಿದ್ದ ಮೆಣಸಿಗೆ ತೂಕವಿದ್ದರೂ ಬೆಲೆಯಿಲ್ಲ. ಅಲ್ಲಿ ರಸೀದಿಯ ನಿಜವಾದ ಆಧಾರ ಪ್ರಯೋಗಶಾಲೆಯ ವರದಿ.

ಇಂದು ಕ್ರೊಮಟೋಗ್ರಫಿಯ ಯಂತ್ರಗಳು ಕಿಲೋಗ್ರಾಮಿನಲ್ಲಿ ಕೆಲವೇ ಮಿಲಿಗ್ರಾಮುಗಳನ್ನು ಕಂಡುಹಿಡಿಯುತ್ತವೆ. ಖನಿಜ ತೈಲದ ಸುಗಂಧವರ್ಗದ ಅಂಶಗಳಲ್ಲಿ ಕೆಲವು ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಎಚ್ಚರಿಕೆಯನ್ನು ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು 2012ರಲ್ಲಿ ನೀಡಿದೆ. ಹಳೆಯ ಪರೀಕ್ಷೆಯ ತಿಳಿನೀರು ಇನ್ನು ಪೂರ್ಣ ಅಭಯವಲ್ಲ. ಹಾಗೆಯೇ ಯಂತ್ರವು ಕಂಡ ಪ್ರತಿಯೊಂದು ಲೇಶವೂ ವಂಚನೆಯಲ್ಲ. ‘ಇದೆಯೇ?’ ಎಂಬ ಪ್ರಶ್ನೆಯೊಡನೆ ‘ಎಷ್ಟು? ಎಲ್ಲಿಂದ?’ ಎಂಬ ಪ್ರಶ್ನೆಗಳನ್ನೂ ಕೇಳಿದರೆ ಮಾತ್ರ ಉಣ್ಣುವವನಿಗೆ ರಕ್ಷಣೆಯೂ ಬೆಳೆದವನಿಗೆ ನ್ಯಾಯವೂ ದೊರೆತಾವು.