ಅಲೆಯಾಚೆ, ಭಾಗ 3: ದೇವಗಡದ ದೀಪ ಹಚ್ಚಿಸಿದ್ದು ಹತ್ತಿ

ಕಾಪು ಲೈಟ್‌ಹೌಸ್ ನಿಮಗೆಲ್ಲ ಗೊತ್ತು. 1901ರದ್ದು, ಬಂಡೆ ಮೇಲಿದೆ, ರೀಲ್ಸ್ ಮಾಡೋರು ಕ್ಯೂ ನಿಂತಿರ್ತಾರೆ. ಇವತ್ತಿನ ಕಥೆ ಅದರದ್ದಲ್ಲ.

ಕಾರವಾರದ ಕಡಲತೀರದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಆಮೆ ಥರ ಬೆನ್ನು ಉಬ್ಬಿಸಿಕೊಂಡಿರೋದು ಕೂರ್ಮಗಡ. ಜನವರಿ ಹೊತ್ತಿಗೆ ಅಲ್ಲಿ ನರಸಿಂಹ ದೇವರ ಜಾತ್ರೆ, ಭಕ್ತರೆಲ್ಲ ದೋಣಿಯಲ್ಲೇ ಹೋಗಬೇಕು. ಅದರಾಚೆ ದೇವಗಡ. ಬಂಡೆ, ಹಸಿರು, ನೆತ್ತಿ ಮೇಲೊಂದು ದೀಪಸ್ತಂಭ. ಇಂಗ್ಲಿಷರು ಇದನ್ನ ಆಯ್‌ಸ್ಟರ್ ರಾಕ್ ಅಂತ ಕರೆದರು. 1860ರ ದಶಕದಲ್ಲಿ, ಊರೇ ಇಲ್ಲದ ಈ ಗುಡ್ಡಕ್ಕೆ ಸಾಮಾನು ಸಾಗಿಸಿ ದೀಪ ಕಟ್ಟೋಕೆ ಯಾರಿಗಪ್ಪಾ ಅಷ್ಟು ಅವಸರ?

ಹತ್ತಿ ವ್ಯಾಪಾರದವರಿಗೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಉತ್ತರದವರು ದಕ್ಷಿಣದ ಬಂದರುಗಳನ್ನ ಬಂದ್ ಮಾಡಿದ್ರು. ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಇಲ್ಲ. ಆಗ ಅವರ ಕಣ್ಣು ಬಿದ್ದ ಜಾಗಗಳಲ್ಲಿ ಧಾರವಾಡದ ಎರೆ ಹೊಲವೂ ಒಂದು. ಅಲ್ಲಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಂದ ಮುಂಬೈಗೆ ಹೋಗ್ತಿತ್ತು. ಮಾರ್ಕೆಟ್‌ನಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’! ಬೆಳೆದವರು ಬಯಲುಸೀಮೆಯವರು, ಹೆಸರು ಬಂದರಿಗೆ. ಬ್ರಾಂಡಿಂಗ್ ಅಂದ್ರೆ ಇದು ನೋಡಿ.

ಮ್ಯಾಂಚೆಸ್ಟರ್ ವ್ಯಾಪಾರಿಗಳಿಗೆ ಕುಮಟಾ ಸಾಲಲಿಲ್ಲ. ಕಾಳಿ ನದಿ ಸಮುದ್ರ ಸೇರೋ ಕಡೆ ದೊಡ್ಡ ಬಂದರು ಬೇಕು ಅಂದ್ರು. ತೊಡಕೇನಂದ್ರೆ ಧಾರವಾಡ ಮುಂಬೈ ಪ್ರಾಂತ್ಯದ್ದು, ಕಾರವಾರ ಮದ್ರಾಸ್ ಪ್ರಾಂತ್ಯದ್ದು. ಹೊಲ ಒಬ್ಬರದು, ಬಾಗಿಲು ಇನ್ನೊಬ್ಬರದು. ಒತ್ತಡ ಹಾಕಿದ್ರು, 1862ರಲ್ಲಿ ಇಡೀ ಉತ್ತರ ಕನ್ನಡ ಮುಂಬೈಗೆ ಸೇರಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯ ಯಂತ್ರಗಳೂ ಹಡಗಿನಲ್ಲಿ ಬಂದವು. ಇಳಿಸೋಕೆ ಸರಿಯಾದ ಕಟ್ಟೆ ಇಲ್ಲ, ಮೇಲಕ್ಕೆ ಒಯ್ಯೋಕೆ ಘಟ್ಟದ ರಸ್ತೆ ಮುಗಿದಿಲ್ಲ! ಮ್ಯಾನೇಜ್‌ಮೆಂಟ್ ಪರೀಕ್ಷೆಗೆ ಕೇಸ್ ಸ್ಟಡಿ ಬೇಕಂದ್ರೆ ಇದನ್ನೇ ಬರೀರಿ.

ಆ ಅವಸರದ ಕಾಲದ್ದೇ ಈ ದೀಪ. ಆಗಿನ ಲೈಟ್‌ಹೌಸುಗಳಲ್ಲಿ ಎಣ್ಣೆ ದೀಪದ ಸುತ್ತ ಫ್ರೆನೆಲ್ ಲೆನ್ಸ್ ಇರ್ತಿತ್ತು. ಉಂಗುರ ಉಂಗುರವಾಗಿ ಜೋಡಿಸಿದ ಗಾಜು, ಚದುರೋ ಬೆಳಕನ್ನ ಒಟ್ಟು ಮಾಡಿ ಒಂದೇ ದಿಕ್ಕಿಗೆ ದೂಡುತ್ತೆ. ಅದಕ್ಕೇ ಒಂದು ಬತ್ತಿ ಎಷ್ಟೋ ಮೈಲಿ ಆಚೆಗೆ ಕಾಣ್ತಿದ್ದದ್ದು.

1865ರಲ್ಲಿ ಯುದ್ಧ ಮುಗೀತು. ಹತ್ತಿ ರೇಟು ಬಿತ್ತು, ಮುಂಬೈ ಷೇರುಪೇಟೆ ಕುಸೀತು. ಆದರೂ ಕಾರವಾರದವರು ರೈಲು ಬಂದೇ ಬರುತ್ತೆ ಅಂತ ಕಾದರು. 1878ರಲ್ಲಿ ಬ್ರಿಟಿಷರು ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡರು. ಹಳಿ ಕ್ಯಾಸಲ್‌ರಾಕ್ ಮೇಲೆ ಹಾದು ಗೋವಾದ ಮರ್ಮಗೋವಾಕ್ಕೆ ಹೋಯ್ತು. ನನ್ನ ಪ್ರಕಾರ ಕಾರವಾರವನ್ನ ಸೋಲಿಸಿದ್ದು ಹತ್ತಿ ರೇಟಲ್ಲ, ಈ ಹಳಿ. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಹುಬ್ಬಳ್ಳಿ–ಅಂಕೋಲಾ ಲೈನು ಮಂಜೂರಾಗಿ ಕಾಲು ಶತಮಾನ ಆದರೂ ಕಾಗದದಲ್ಲೇ ಇದೆ. ಕಾಡು ಉಳಿಸಿ ಅನ್ನೋರ ಮಾತನ್ನೂ ತಳ್ಳಿಹಾಕೋಕೆ ನನಗಾಗಲ್ಲ.

ಕಡಲಿಲ್ಲದ ದುರ್ಗದವರಿಗೆ ಇದೆಲ್ಲ ಯಾಕೆ ಅಂತೀರಾ? ಹಿರಿಯೂರಿಗೆ ರೈಲಿಲ್ಲ. ಹೊಸದುರ್ಗದ ಹೆಸರಿನ ಸ್ಟೇಷನ್ನು ಊರಿಂದ ಎಷ್ಟು ದೂರ ಅಂತ ಲಗೇಜ್ ಹೊತ್ತೋರಿಗೆ ಗೊತ್ತು. ಹಿರಿಯೂರು, ಚಿತ್ರದುರ್ಗದ ಮೇಲೆ ಹೋಗೋ ತುಮಕೂರು–ದಾವಣಗೆರೆ ಲೈನಿನ ಸುದ್ದಿ ನಾವು ಹೈಸ್ಕೂಲಿಗೆ ಸೇರೋ ಮುಂಚಿಂದ ಕೇಳ್ತಿದೀವಿ. ಮಾಲು ಬೆಳೆಯೋದು ಒಂದು ಕಡೆ, ಅದು ಯಾವ ದಾರೀಲಿ ಹೋಗಬೇಕು ಅಂತ ತೀರ್ಮಾನ ಆಗೋದು ಇನ್ನೊಂದು ಕಡೆ.

ಮನೇಲಿ ತಾತ, ಅಜ್ಜಿ ಇದ್ದರೆ ಕೇಳಿ: ನಮ್ಮ ಹೊಲದ ಹತ್ತಿ ಯಾವ ಊರಿಗೆ ಹೋಗ್ತಿತ್ತು, ಗಾಡೀಲಾ, ಲಾರೀಲಾ? ಮುಂದಿನ ಭಾಗಕ್ಕೆ ಹೊನ್ನಾವರದ ಬಸವರಾಜದುರ್ಗ, ಸಮುದ್ರದ ನಡುವೆ ನಿಂತಿರೋ ಕೆಳದಿಯವರ ಕೋಟೆ.

#ಅಲೆಯಾಚೆ #ಕಾರವಾರ #ದೇವಗಡ #ದುರ್ಗದಹುಡುಗರು