ಇಂಗ್ಲೆಂಡಿನ ಸ್ಥಳೀಯ ಮಂಡಳಿಗಳಲ್ಲಿ ಸದಸ್ಯರ ಪ್ರಶ್ನಾಧಿಕಾರ

ಇಂಗ್ಲೆಂಡಿನ ಕೌಂಟಿ, ಜಿಲ್ಲಾ, ಬರೋ ಮತ್ತು ನಗರ ಮಂಡಳಿಗಳಿಗೆ ಜನ ಆರಿಸಿ ಕಳಿಸಿದ ಸದಸ್ಯರು, ಅದೇ ಮಂಡಳಿಯ ಆಡಳಿತ ನಡೆಸುವ ನಾಯಕರನ್ನೂ ಅವರ ಸಂಪುಟವನ್ನೂ ಬಹಿರಂಗ ಸಭೆಯಲ್ಲಿ ಪ್ರಶ್ನಿಸಿ ಉತ್ತರ ಪಡೆಯುವ ಅಧಿಕಾರ. ರಸ್ತೆ ಗುಂಡಿ, ಕಸ ಸಾಗಣೆ, ಬೀದಿ ದೀಪ, ಗ್ರಂಥಾಲಯ, ಮಂಡಳಿಯ ಬಾಡಿಗೆ ಮನೆಗಳ ದುರಸ್ತಿ, ವೃದ್ಧರ ಆರೈಕೆ, ಅಂಗವಿಕಲ ಮಕ್ಕಳ ಶಾಲಾ ವಾಹನ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಎರಡು ಹಂತದ ಮಂಡಳಿಗಳಿರುವ ಪ್ರದೇಶಗಳಲ್ಲಿ ಮನೆಮನೆಯ ಕಸ ಎತ್ತುವುದು ಜಿಲ್ಲಾ ಮಂಡಳಿಯ ಹೊಣೆ, ಎತ್ತಿದ ಕಸದ ವಿಲೇವಾರಿ ಕೌಂಟಿಯ ಹೊಣೆ. ಈ ಹಂಚಿಕೆ ತಿಳಿಯದೆ ಕೇಳಿದ ಪ್ರಶ್ನೆಗೆ "ಇದು ನಮಗೆ ಸಂಬಂಧಿಸಿದ್ದಲ್ಲ" ಎಂಬ ಉತ್ತರವೇ ಸಿಗುತ್ತದೆ. ವೇಲ್ಸ್ ಮತ್ತು ಸ್ಕಾಟ್‌ಲೆಂಡ್‌ಗಳ ವ್ಯವಸ್ಥೆ ಬೇರೆ.

ಕನ್ನಡದ ಓದುಗರು ಮೊದಲು ಗಮನಿಸಬೇಕಾದದ್ದು ಉತ್ತರ ಕೊಡುವವರು ಯಾರು ಎಂಬುದನ್ನು. ಕರ್ನಾಟಕದ 1976ರ ಮಹಾನಗರ ಪಾಲಿಕೆ ಕಾಯಿದೆಯಂತೆ ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸಿದ ಆಯುಕ್ತರಲ್ಲಿದೆ. ಮೇಯರ್ ಸಭೆ ನಡೆಸುತ್ತಾರೆ. ಇಂಗ್ಲೆಂಡಿನ ಹೆಚ್ಚಿನ ಮಂಡಳಿಗಳಲ್ಲೂ ಮೇಯರ್ ಅಥವಾ ಅಧ್ಯಕ್ಷರದು ಸಭೆ ನಡೆಸುವ ಗೌರವದ ಸ್ಥಾನವೇ. ಕಲಬುರಗಿ ಜಿಲ್ಲೆಯ ಕಮಲಾಪುರದ ಡಾ. ನೀರಜ್ ಪಾಟೀಲ್ 2010-11ರಲ್ಲಿ ಲಂಡನ್ನಿನ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದಾಗ ಅವರದೂ ಇದೇ ಪಾತ್ರ. ಆದರೆ ಇಂಗ್ಲೆಂಡಿನಲ್ಲಿ ಅಧಿಕಾರ ನಡೆಸುವವರು, ಹಾಗಾಗಿ ಉತ್ತರ ಹೇಳಬೇಕಾದವರು, ಬಹುಮತದ ಬೆಂಬಲವಿರುವ ನಾಯಕರು. ಅವರೂ ಒಂದು ವಾರ್ಡಿನಿಂದ ಗೆದ್ದು ಬಂದ ಸದಸ್ಯರೇ. ಕೇಳುವವರೂ ಹೇಳುವವರೂ ಒಂದೇ ಮತದಾರರಿಗೆ ಬದ್ಧರು ಎಂಬುದು ಈ ವ್ಯವಸ್ಥೆಯ ದೊಡ್ಡ ಬಲ. ಜನರೇ ನೇರವಾಗಿ ಆರಿಸುವ, ಪೂರ್ಣ ಕಾರ್ಯಾಧಿಕಾರವಿರುವ ಮೇಯರ್‌ಗಳು ಕೆಲವೇ ಊರುಗಳಲ್ಲಿದ್ದಾರೆ.

ಪೂರ್ಣಸಭೆಯ ಪ್ರಶ್ನೋತ್ತರಕ್ಕೆ ಇಡೀ ದೇಶಕ್ಕೆ ಒಂದೇ ನಿಯಮವಿಲ್ಲ. ಪ್ರತಿ ಮಂಡಳಿಯೂ ತನ್ನ ನಡವಳಿ ನಿಯಮಗಳಲ್ಲಿ ಅದನ್ನು ಬರೆದುಕೊಂಡಿರುತ್ತದೆ. ಸಾಮಾನ್ಯ ರೂಢಿ ಹೀಗಿದೆ: ಸದಸ್ಯರು ಕೆಲವು ದಿನ ಮೊದಲೇ ಪ್ರಶ್ನೆಯನ್ನು ಬರೆದು ಕೊಡುತ್ತಾರೆ, ಆಯಾ ಖಾತೆ ಹೊತ್ತ ಸಂಪುಟ ಸದಸ್ಯರು ಸಭೆಯಲ್ಲಿ ಉತ್ತರಿಸುತ್ತಾರೆ, ಬಳಿಕ ಕೇಳಿದವರಿಗೆ ಒಂದು ಉಪಪ್ರಶ್ನೆಗೆ ಅವಕಾಶ. ಲಿಖಿತ ಉತ್ತರವನ್ನು ಸಿದ್ಧಪಡಿಸುವವರು ಬಹುಪಾಲು ಅಧಿಕಾರಿಗಳು. ಉಪಪ್ರಶ್ನೆಗೆ ಮುನ್ಸೂಚನೆ ಇಲ್ಲದ ಕಾರಣ ಅಲ್ಲಿ ಮಾತ್ರ ಖಾತೆ ಹೊತ್ತವರಿಗೆ ವಿಷಯ ನಿಜಕ್ಕೂ ತಿಳಿದಿದೆಯೇ ಎಂಬುದು ಹೊರಬೀಳುತ್ತದೆ. ನುರಿತ ಸದಸ್ಯರು ಮೊದಲ ಪ್ರಶ್ನೆಯಲ್ಲಿ ಅಂಕಿಸಂಖ್ಯೆಯನ್ನಷ್ಟೇ ಕೇಳಿ, ತಮ್ಮ ನಿಜವಾದ ಪ್ರಶ್ನೆಯನ್ನು ಉಪಪ್ರಶ್ನೆಗೆ ಉಳಿಸಿಕೊಳ್ಳುವುದು ಇದಕ್ಕೇ. ಪ್ರಶ್ನೋತ್ತರದ ಒಟ್ಟು ಅವಧಿಗೆ ಮಿತಿಯಿರುತ್ತದೆ. ಉಳಿದವಕ್ಕೆ ಲಿಖಿತ ಉತ್ತರ ಹೋಗುತ್ತದೆ. ಮಾನಹಾನಿಕರವಾದ ಅಥವಾ ಈಚೆಗಷ್ಟೇ ಉತ್ತರ ಪಡೆದ ಪ್ರಶ್ನೆಗಳನ್ನು ತಿರಸ್ಕರಿಸಬಹುದು. ಅನೇಕ ಮಂಡಳಿಗಳಲ್ಲಿ ಊರಿನ ನಿವಾಸಿಗಳೂ ಪ್ರಶ್ನೆ ಕೇಳಬಹುದು.

ಜನರ ಎದುರಿನಲ್ಲಿ ಉತ್ತರ ಹೇಳಬೇಕೆಂಬ ಕಟ್ಟುಪಾಡು ಸುಲಭವಾಗಿ ಬರಲಿಲ್ಲ. ಪತ್ರಕರ್ತರನ್ನು ಸಭೆಗೆ ಬಿಡಬೇಕೆಂದು 1908ರಲ್ಲೇ ಕಾಯಿದೆಯಾದರೂ, ಇಡೀ ಮಂಡಳಿಯೇ ತನ್ನನ್ನು "ಸಮಿತಿ" ಎಂದು ಕರೆದುಕೊಂಡು ಬಾಗಿಲು ಹಾಕಿಕೊಳ್ಳಬಹುದಿತ್ತು. ಈ ಕಂಡಿಯನ್ನು ಮುಚ್ಚಲು 1960ರಲ್ಲಿ ಖಾಸಗಿ ಸದಸ್ಯರ ಮಸೂದೆ ತಂದವರು ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್. ಫೆಬ್ರವರಿ 5ರಂದು ಆ ಮಸೂದೆಯ ಮೇಲೆ ಆಡಿದ ಮಾತೇ ಕಾಮನ್ಸ್ ಸಭೆಯಲ್ಲಿ ಅವರ ಚೊಚ್ಚಲ ಭಾಷಣ. 1985ರ ಕಾಯಿದೆ ಕಾರ್ಯಸೂಚಿ, ವರದಿಗಳನ್ನು ಜನರಿಗೆ ಮುಂಚಿತವಾಗಿ ತೆರೆದಿಟ್ಟಿತು. 2014ರ ನಿಯಮಗಳಿಂದ ಸಭೆಯನ್ನು ಯಾರು ಬೇಕಾದರೂ ಚಿತ್ರೀಕರಿಸಬಹುದಾಯಿತು.

2000ರ ಸ್ಥಳೀಯ ಆಡಳಿತ ಕಾಯಿದೆ ಇಡೀ ಚಿತ್ರವನ್ನೇ ಬದಲಿಸಿತು. ಅಲ್ಲಿಯವರೆಗೆ ಶಿಕ್ಷಣ, ವಸತಿ, ರಸ್ತೆ ಎಂದು ವಿಷಯವಾರು ಸಮಿತಿಗಳಲ್ಲಿ ಎಲ್ಲ ಪಕ್ಷದ ಸದಸ್ಯರೂ ಕೂತು ತೀರ್ಮಾನಿಸುತ್ತಿದ್ದರು. ಹೊಸ ಕಾಯಿದೆ ತೀರ್ಮಾನದ ಅಧಿಕಾರವನ್ನು ನಾಯಕರೂ ಸೇರಿ ಹೆಚ್ಚೆಂದರೆ 10 ಜನರ ಸಂಪುಟಕ್ಕೆ ಕೊಟ್ಟಿತು. ಉಳಿದವರ ಪಾಲಿಗೆ ಬಂದದ್ದು ಪರಿಶೀಲನಾ ಸಮಿತಿ. ಸಂಪುಟದಲ್ಲಿರುವವರು ಈ ಸಮಿತಿಯಲ್ಲಿ ಇರುವಂತಿಲ್ಲ. ಪಕ್ಷಗಳ ಬಲಾಬಲಕ್ಕೆ ತಕ್ಕಂತೆ ಸ್ಥಾನ ಹಂಚಬೇಕು. ಸಮಿತಿ ಕರೆದರೆ ನಾಯಕರು, ಸಂಪುಟ ಸದಸ್ಯರು, ಅಧಿಕಾರಿಗಳು ಬಂದು ಉತ್ತರಿಸಲೇಬೇಕು ಎಂಬುದು ಕಾನೂನಿನ ಮಾತು. ಸಂಪುಟ ತೆಗೆದುಕೊಂಡು ಇನ್ನೂ ಜಾರಿಯಾಗದ ತೀರ್ಮಾನವನ್ನು ತಡೆಹಿಡಿದು ಮರುಪರಿಶೀಲನೆಗೆ ಕಳಿಸಬಹುದು, ಆದರೆ ರದ್ದುಮಾಡುವಂತಿಲ್ಲ. 2001ರ ಕಾಯಿದೆಯಿಂದ ಆಸ್ಪತ್ರೆಗಳೂ, 2006ರ ಕಾಯಿದೆಯಿಂದ ಅಪರಾಧ ತಡೆಯೂ ಈ ಸಮಿತಿಗಳ ಕಣ್ಣಿನಡಿ ಬಂದವು. ಯಾವುದೇ ಸದಸ್ಯರು ತಮ್ಮ ವಾರ್ಡಿನ ಬಗೆಹರಿಯದ ಸಮಸ್ಯೆಯನ್ನು ಸಮಿತಿಯ ಮುಂದಿಡಬಹುದೆಂಬ ಅವಕಾಶ 2007ರ ಕಾಯಿದೆಯ ಕೊಡುಗೆ.

ಕಾಗದದ ಮೇಲೆ ಇಷ್ಟೆಲ್ಲ ಇದ್ದೂ ಪ್ರಶ್ನೆ ಏಳದೆ ಹೋದ ಕಡೆ ಏನಾಯಿತು ಎಂಬುದನ್ನು ನೋಡದೆ ಈ ಅಧಿಕಾರದ ಬೆಲೆ ತಿಳಿಯದು. ಯಾರ್ಕ್‌ಷೈರಿನ ರಾದರಮ್ ಪಟ್ಟಣದಲ್ಲಿ 1997ರಿಂದ 2013ರವರೆಗೆ ಕಡಿಮೆಯೆಂದರೂ 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರೆಂದು ಅಲೆಕ್ಸಿಸ್ ಜೇ ಅವರ 2014ರ ವರದಿ ಅಂದಾಜಿಸಿತು. ಮರುವರ್ಷದ ಫೆಬ್ರವರಿಯಲ್ಲಿ ಬಂದ ಲೂಯಿಸ್ ಕೇಸಿ ವರದಿ, ಸಂಪುಟಕ್ಕೂ ಪರಿಶೀಲನಾ ಸಮಿತಿಗೂ ವರದಿಗಳು ನಿಯಮಿತವಾಗಿ ಬರುತ್ತಿದ್ದರೂ ಚುನಾಯಿತರು ಅವನ್ನು ಕೆದಕಿ ಕೇಳಲಿಲ್ಲವೆಂದು ಎತ್ತಿ ತೋರಿತು. ಸಂಪುಟ ರಾಜೀನಾಮೆ ಘೋಷಿಸಿತು, ಸರ್ಕಾರ ಆಡಳಿತಕ್ಕೆ ಕಮಿಷನರ್‌ಗಳನ್ನು ನೇಮಿಸಿತು. ಸಭೆಗಳು ತಪ್ಪದೆ ನಡೆದಿದ್ದವು, ನಡಾವಳಿಗಳೂ ಇದ್ದವು. ಮಕ್ಕಳ ಪರವಾಗಿ ಪಟ್ಟುಹಿಡಿದು ಕೇಳುವ ದನಿ ಇರಲಿಲ್ಲ.

ನಾರ್ಥಾಂಪ್ಟನ್‌ಷೈರ್ ಕೌಂಟಿಯದು ಹಣದ ಕಥೆ. 2018ರ ಫೆಬ್ರವರಿಯಲ್ಲಿ ಅದು ಹೊಸ ಖರ್ಚು ನಿಲ್ಲಿಸುವ ಶಾಸನಬದ್ಧ ನೋಟಿಸ್ ಹೊರಡಿಸಬೇಕಾಯಿತು. ಸರ್ಕಾರ ಕಳಿಸಿದ ಮ್ಯಾಕ್ಸ್ ಕಾಲರ್ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ ಒಂದು ಅಂಶ ಬಜೆಟ್ಟಿನ ಲೆಕ್ಕಕ್ಕಿಂತ ಹೆಚ್ಚು ಕಳವಳ ಹುಟ್ಟಿಸುತ್ತದೆ: ಸದಸ್ಯರು ಕೇಳಿದ ನ್ಯಾಯವಾದ ಪ್ರಶ್ನೆಗಳಿಗೂ ಉತ್ತರ ಸಿಗುತ್ತಿರಲಿಲ್ಲ, ಸಂಪುಟ ಎಷ್ಟಕ್ಕೆ ಒಪ್ಪೀತೆಂಬ ಅಂದಾಜಿನಲ್ಲೇ ಪರಿಶೀಲನೆ ನಡೆಯುತ್ತಿತ್ತು. ಬೆಲೆ ತೆತ್ತವರು ಊರಿನ ಜನ. ಕೌಂಟಿ 21 ಗ್ರಂಥಾಲಯಗಳನ್ನು ಕೈಬಿಡಲು ಹೊರಟಿತು. ಅದೇ ವರ್ಷದ ಆಗಸ್ಟಿನಲ್ಲಿ ಹೈಕೋರ್ಟು ಆ ತೀರ್ಮಾನವನ್ನು ಕಾನೂನುಬಾಹಿರವೆಂದು ತಳ್ಳಿಹಾಕಿತು. ಸಭೆಯಲ್ಲಿ ಸಿಗಬೇಕಿದ್ದ ಉತ್ತರಕ್ಕಾಗಿ ಓದುಗರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2021ರ ಏಪ್ರಿಲ್ 1ರಿಂದ ಆ ಕೌಂಟಿ ಮಂಡಳಿಯೇ ಇಲ್ಲ. ಅದರ ಜಾಗದಲ್ಲಿ ಎರಡು ಹೊಸ ಮಂಡಳಿಗಳಿವೆ.

ಕ್ಲೈವ್ ಬೆಟ್ಸ್ ಅಧ್ಯಕ್ಷತೆಯ ಸಂಸದೀಯ ಸಮಿತಿ 2017ರ ಡಿಸೆಂಬರಿನಲ್ಲೇ ಎಚ್ಚರಿಸಿತ್ತು. ಪರಿಶೀಲನಾ ಸಮಿತಿ ಸಂಪುಟಕ್ಕಲ್ಲ, ಪೂರ್ಣಸಭೆಗೆ ವರದಿ ಮಾಡಬೇಕು, ವ್ಯವಹಾರದ ಗುಟ್ಟು ಎಂಬ ನೆಪದಲ್ಲಿ ಸದಸ್ಯರಿಗೆ ಹಣಕಾಸಿನ ಮಾಹಿತಿ ನಿರಾಕರಿಸಬಾರದು ಎಂದು ಅದು ಶಿಫಾರಸು ಮಾಡಿತು. 2019ರ ಮೇ ತಿಂಗಳಲ್ಲಿ ಸರ್ಕಾರ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಆದರೆ ಎಸೆಕ್ಸಿನ ಥರಕ್ ಮಂಡಳಿ ಸಾಲ ತಂದು ಸೌರ ವಿದ್ಯುತ್ ಉದ್ಯಮದಲ್ಲಿ ಹೂಡಿದ ಹಣದ ವಿವರ ಕೇಳಿದವರಿಗೆ ಸಿಕ್ಕ ಉತ್ತರ ಅದೇ, ವ್ಯವಹಾರದ ಗುಟ್ಟು. 2022ರ ಡಿಸೆಂಬರಿನಲ್ಲಿ ಅದೂ ಖರ್ಚು ನಿಲ್ಲಿಸುವ ನೋಟಿಸ್ ಕೊಟ್ಟಿತು. ಕೇಳುವ ಹಕ್ಕಿನ ಜೊತೆಗೆ ಕಡತ ನೋಡುವ ಹಕ್ಕೂ ಇಲ್ಲದಿದ್ದರೆ ಪ್ರಶ್ನೋತ್ತರ ಬರಿಯ ಮಾತುಗಾರಿಕೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಶೆಫೀಲ್ಡಿನಲ್ಲಿ ಜನ ಸುಮ್ಮನಿರಲಿಲ್ಲ. 2012ರಲ್ಲಿ ನಗರ ಮಂಡಳಿ ರಸ್ತೆಗಳ ನಿರ್ವಹಣೆಯನ್ನು 25 ವರ್ಷಕ್ಕೆ ಖಾಸಗಿ ಕಂಪನಿಗೆ ವಹಿಸಿತು. ಅದರ ಭಾಗವಾಗಿ ಬೀದಿ ಬದಿಯ ಸಾವಿರಾರು ಮರಗಳು ಉರುಳಿದವು. ಎಷ್ಟು ಮರ ಕಡಿಯುತ್ತೀರಿ, ಯಾಕೆ ಎಂದು ನಿವಾಸಿಗಳು ಸಭೆಯಿಂದ ಸಭೆಗೆ ಕೇಳುತ್ತ ಬಂದರು. ಒಪ್ಪಂದದಲ್ಲಿ 17,500 ಮರಗಳ ಬದಲಾವಣೆಯ ಪ್ರಸ್ತಾಪವಿತ್ತೆಂಬುದು ಬಯಲಾದದ್ದು 2018ರಲ್ಲಿ. ಅದಕ್ಕೂ ಮೊದಲು, 2016ರ ನವೆಂಬರ್ 17ರ ನಸುಕಿನಲ್ಲಿ, ರಸ್ಲಿಂಗ್ಸ್ ರಸ್ತೆಯ ಮನೆಯವರನ್ನು ಎಬ್ಬಿಸಿ ಪೊಲೀಸ್ ಕಾವಲಿನಲ್ಲಿ ಮರ ಕಡಿದದ್ದು ಊರಿಗೆ ಊರೇ ಕೆರಳಲು ಕಾರಣವಾಯಿತು. ಮಂಡಳಿಯ ಹೇಳಿಕೆಗಳಲ್ಲಿ ಹಲವು ದಾರಿತಪ್ಪಿಸುವಂಥವು, ಕೆಲವು ಅಪ್ರಾಮಾಣಿಕ ಎಂದು ಸರ್ ಮಾರ್ಕ್ ಲೋಕಾಕ್ ವಿಚಾರಣೆ 2023ರಲ್ಲಿ ತೀರ್ಮಾನಿಸಿತು.

ಅಷ್ಟರಲ್ಲಿ ನಾಗರಿಕರು ಬೇರೊಂದು ದಾರಿ ಹಿಡಿದಿದ್ದರು. ಮಂಡಳಿಯಲ್ಲಿ 84 ಸದಸ್ಯರಿದ್ದರೂ ತೀರ್ಮಾನ 10 ಜನರ ಸಂಪುಟದ್ದು. ತಮ್ಮ ವಾರ್ಡಿನ ಸದಸ್ಯರಿಗೆ ಅಲ್ಲಿ ಮಾತಿಲ್ಲ ಎಂಬುದು ಅವರ ಆಕ್ಷೇಪ. 2011ರ ಕಾಯಿದೆ ಹಳೆಯ ಸಮಿತಿ ಪದ್ಧತಿಗೆ ಮರಳಲು ಅವಕಾಶ ಕೊಟ್ಟಿತ್ತು. 20,000ಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಜನಮತಗಣನೆ ನಡೆಯುವಂತೆ ಮಾಡಿದರು. 2021ರ ಮೇ 6ರಂದು ಸುಮಾರು ಶೇ. 65 ಮಂದಿ ಬದಲಾವಣೆಯ ಪರ ಮತ ಹಾಕಿದರು. ಮರುವರ್ಷದ ಮೇ ತಿಂಗಳಿಂದ ಎಲ್ಲ ಪಕ್ಷದವರಿರುವ ಸಮಿತಿಗಳು ಅಲ್ಲಿ ತೀರ್ಮಾನ ಮಾಡುತ್ತಿವೆ. ಬ್ರಿಸ್ಟಲ್ ಕೂಡ 2022ರ ಜನಮತಗಣನೆಯಲ್ಲಿ ನೇರ ಚುನಾಯಿತ ಮೇಯರ್ ಪದವಿ ಬೇಡವೆಂದು ಹೇಳಿ, 2024ರಲ್ಲಿ ಸಮಿತಿ ಪದ್ಧತಿಗೆ ಬಂತು.

ಲಂಡನ್ ಮಹಾನಗರದ್ದು ಪ್ರತ್ಯೇಕ ಏರ್ಪಾಡು. 1999ರ ಕಾಯಿದೆಯಿಂದ ರೂಪುಗೊಂಡ 25 ಸದಸ್ಯರ ಲಂಡನ್ ಅಸೆಂಬ್ಲಿ ವರ್ಷಕ್ಕೆ 10 ಬಾರಿ ಮಹಾನಗರದ ಮೇಯರ್ ಅವರನ್ನು ಎದುರು ಕೂರಿಸಿಕೊಂಡು ಬಸ್ಸು, ಪೊಲೀಸು, ವಸತಿ, ಗಾಳಿಯ ಮಾಲಿನ್ಯ ಎಲ್ಲದರ ಬಗ್ಗೆ ಪ್ರಶ್ನಿಸುತ್ತದೆ. ಮೂರನೇ ಎರಡರಷ್ಟು ಬಹುಮತ ಸಿಕ್ಕರೆ ಬಜೆಟ್ಟನ್ನೇ ತಿದ್ದಬಹುದು.

ಸಮಿತಿ ಪದ್ಧತಿಯಲ್ಲಿರುವ ಇಂಗ್ಲೆಂಡಿನ ಮಂಡಳಿಗಳು ನಾಯಕ-ಸಂಪುಟ ಪದ್ಧತಿಗೆ ಮರಳಬೇಕೆಂಬ ಅಂಶವಿದ್ದ ಮಸೂದೆಯನ್ನು ಸರ್ಕಾರ 2025ರ ಜುಲೈಯಲ್ಲಿ ಸಂಸತ್ತಿನಲ್ಲಿ ಮಂಡಿಸಿತು. ತೀರ್ಮಾನಗಳು ಬೇಗ ಆಗುತ್ತವೆ, ಯಾರು ಹೊಣೆ ಎಂಬುದು ಸ್ಪಷ್ಟವಾಗುತ್ತದೆ ಎಂಬುದು ಸರ್ಕಾರದ ವಾದ. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಸಮಿತಿಯಲ್ಲಿ ಹೊಣೆ ಹಂಚಿಹೋಗುತ್ತದೆ, ಉತ್ತರ ಹೇಳುವ ಒಬ್ಬರು ಸಿಗುವುದು ಕಷ್ಟ. ಆದರೆ ಶೆಫೀಲ್ಡಿನ ಮತದಾರರು ಬೇಕೆಂದು ಕೇಳಿ ಪಡೆದದ್ದನ್ನು ಅವರನ್ನು ಕೇಳದೆ ಬದಲಿಸುವುದು ಸರಿಯೇ ಎಂಬ ಆಕ್ಷೇಪವೂ ಅಷ್ಟೇ ಬಲವಾದದ್ದು.