ಮನೆಯ ಚಿತ್ರಮಂದಿರದಲ್ಲಿ ನಡುವಣ ದನಿ

ಕಳೆದ ದೀಪಾವಳಿಯ ಸಂಜೆ ಡೊಂಬಿವಲಿಯಲ್ಲಿರುವ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಬೋನಸ್ಸಿನ ಹಣದಲ್ಲಿ ಅವರು ಹೊಸದಾಗಿ 'ಹೋಂ ಥಿಯೇಟರ್' ಕೊಂಡಿದ್ದರು. ಹಾಲಿನ ಸುತ್ತ ಏಳು ಸ್ಪೀಕರು, ಮೂಲೆಯಲ್ಲಿ ಅಕ್ಕಿಡಬ್ಬದಷ್ಟು ದೊಡ್ಡ ಸಬ್-ವೂಫರು, ಟಿ.ವಿ.ಯ ಕೆಳಗೆ ಕಪ್ಪು ಪೆಟ್ಟಿಗೆಯಂಥ ರಿಸೀವರು. ನಮಗೆಂದು ಒಂದು ಕನ್ನಡ ಚಿತ್ರ ಹಾಕಿದರು. ಗುಡುಗಿದಾಗ ಅಡಿಗೆಮನೆಯ ಪಾತ್ರೆಗಳು ನಡುಗಿದವು. ಮಳೆ ನಮ್ಮ ಬೆನ್ನ ಹಿಂದೆಯೇ ಸುರಿಯಿತು. ಆದರೆ ಶಿವಮೊಗ್ಗದಿಂದ ಬಂದಿದ್ದ ಅವರ ತಾಯಿ ನಿಮಿಷಕ್ಕೊಮ್ಮೆ "ಏನಂದ್ನೋ ಅವ್ನು?" ಎಂದು ಮಗನನ್ನು ಕೇಳುತ್ತಿದ್ದರು. ಕಡೆಗೆ ಮೊಮ್ಮಗ ಬೇಸತ್ತು ರಿಮೋಟು ಒತ್ತಿ, ತೆರೆಯ ಕೆಳಗೆ ಇಂಗ್ಲಿಷ್ ಅಕ್ಷರಗಳನ್ನು ತರಿಸಿದ. ಅಜ್ಜಿಗೆ ಇಂಗ್ಲಿಷ್ ಬಾರದು. ಮೊಮ್ಮಗನಿಗೋ, ಇನ್ನು ಕನ್ನಡವನ್ನು ಕಿವಿಗೊಟ್ಟು ಕೇಳುವ ಅಗತ್ಯವೇ ಉಳಿಯಲಿಲ್ಲ.

ಏಳು ಸ್ಪೀಕರುಗಳಿದ್ದ ಮನೆಯಲ್ಲಿ ಮಾತು ಮಾತ್ರ ಏಕೆ ಕೇಳಿಸಲಿಲ್ಲ? ಲೋಕಲ್ ಗಾಡಿಯಲ್ಲಿ ಹಿಂತಿರುಗುವಾಗ ಈ ಪ್ರಶ್ನೆ ನಮ್ಮನ್ನು ಕಾಡಿತು. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡ ಕೇಳುವುದಿಲ್ಲ, ಬೀದಿಯಲ್ಲಿ ಕೇಳುವುದಿಲ್ಲ. ತಂದೆತಾಯಿಯರ ಮಾತು, ರಜೆಯಲ್ಲಿ ಊರಿನ ನಾಲ್ಕು ದಿನ, ಅಷ್ಟು ಬಿಟ್ಟರೆ ಮನೆಯ ಟಿ.ವಿ. ಇವಿಷ್ಟೇ ಅವರ ಪಾಲಿನ ಕನ್ನಡ. ಆದ್ದರಿಂದ ರಿಸೀವರು ಕೊಳ್ಳುವುದು ನಮಗೆ ಬರಿಯ ಶೋಕಿಯ ಮಾತಲ್ಲ. ಈ ಪೆಟ್ಟಿಗೆಯ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದಾಗ ನಮಗೆ ಕಂಡದ್ದು ಒಂದೇ ಸಂಗತಿ: ಅದು ನಡುವಣ ದನಿಯನ್ನು ಮತ್ತೆ ಮತ್ತೆ ಕಳೆದುಕೊಂಡು, ಮತ್ತೆ ಮತ್ತೆ ಹುಡುಕಿಕೊಂಡ ಕಥೆ.

ಕಥೆ ಆರಂಭವಾಗುವುದೇ ಸಿನಿಮಾ ಮಂದಿರದಲ್ಲಿ. ೧೯೩೧ರಲ್ಲಿ ಲಂಡನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೀನ್ ಹೆಂಡತಿಯೊಡನೆ ಚಿತ್ರ ನೋಡಲು ಹೋಗಿದ್ದನಂತೆ. ನಟ ತೆರೆಯ ಒಂದು ತುದಿಯಲ್ಲಿ, ಅವನ ದನಿ ಬೇರೆಲ್ಲಿಂದಲೋ. ಇದ್ದದ್ದು ಒಂದೇ ಧ್ವನಿವರ್ಧಕ. ದನಿ ನಟನನ್ನು ಹಿಂಬಾಲಿಸುವಂತೆ ಮಾಡುವ ಉಪಾಯ ತನಗೆ ಗೊತ್ತಿದೆ ಎಂದು ಆತ ಹೆಂಡತಿಗೆ ಹೇಳಿದ. ಅದೇ ವರ್ಷದ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಸ್ಟೀರಿಯೋ ಧ್ವನಿಮುದ್ರಣದ ಮೂಲತತ್ತ್ವಗಳು ಅದರಲ್ಲಿವೆ. ಅದರ ಫಲವನ್ನು ಕಾಣುವ ಯೋಗ ಮಾತ್ರ ಅವನಿಗಿರಲಿಲ್ಲ. ೧೯೪೨ರಲ್ಲಿ ರೇಡಾರ್ ಪರೀಕ್ಷೆಗೆಂದು ಹಾರಿದ್ದ ವಿಮಾನ ಅಪಘಾತಕ್ಕೀಡಾಗಿ, ಮೂವತ್ತೆಂಟನೆಯ ವಯಸ್ಸಿನಲ್ಲಿ ಆತ ತೀರಿಕೊಂಡ.

ಇತ್ತ ಅಮೆರಿಕೆಯಲ್ಲಿ ಬೆಲ್ ಪ್ರಯೋಗಾಲಯದವರು ಬೇರೊಂದು ದಾರಿ ಹಿಡಿದಿದ್ದರು. ೧೯೩೩ರ ಏಪ್ರಿಲ್ ೨೭ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯವೃಂದವನ್ನು ದೂರವಾಣಿ ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿ ಕೇಳಿಸಿದರು. ವೇದಿಕೆಯ ಮುಂದೆ ಎಡ, ನಡು, ಬಲ ಎಂದು ಮೂರು ಮೈಕುಗಳು. ಅತ್ತ ವಾಷಿಂಗ್ಟನ್ನಿನಲ್ಲಿ ಅದೇ ಕ್ರಮದಲ್ಲಿ ಮೂರು ಧ್ವನಿವರ್ಧಕಗಳು. ಎರಡು ಸಾಲದೇ, ಮೂರೇಕೆ? ಎರಡೇ ಇದ್ದರೆ, ಸರಿಯಾಗಿ ಮಧ್ಯದಲ್ಲಿ ಕುಳಿತವನಿಗೆ ಮಾತ್ರ ದನಿ ಮಧ್ಯದಿಂದ ಬಂದಂತೆ ತೋರುತ್ತದೆ. ಒಂದು ಪಕ್ಕಕ್ಕೆ ಕುಳಿತವನಿಗೆ ಎಲ್ಲವೂ ಹತ್ತಿರದ ಧ್ವನಿವರ್ಧಕದ ಕಡೆ ಜಾರಿಬಿಡುತ್ತದೆ. ನಡುವೆ ಮೂರನೆಯದೊಂದು ಇದ್ದರೆ ಸಭೆಯಲ್ಲಿ ಎಲ್ಲಿ ಕುಳಿತರೂ ನಡುವಣ ದನಿ ನಡುವಿನಿಂದಲೇ ಬರುತ್ತದೆ. ತೊಂಬತ್ತು ವರ್ಷಕ್ಕೂ ಹಿಂದಿನ ಈ ಮಾತು ನಮ್ಮ ಹಾಲಿನ ಸೋಫಾಕ್ಕೂ ಅಷ್ಟೇ ಅನ್ವಯಿಸುತ್ತದೆ. ಮನೆಯಲ್ಲಿ ಎಲ್ಲರೂ ಮಧ್ಯದಲ್ಲೇ ಕೂರಲು ಸಾಧ್ಯವೇ? ಅಜ್ಜಿಯ ಕುರ್ಚಿ ಯಾವಾಗಲೂ ಕಿಟಕಿಯ ಪಕ್ಕದಲ್ಲಿಯೇ.

ಮರುವರ್ಷ, ೧೯೩೪ರಲ್ಲಿ, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡಿತು. ಅದು ತಯಾರಾದದ್ದು ಕೊಲ್ಹಾಪುರದಲ್ಲಿ. ಬೆಳ್ಳಿತೆರೆಯ ಮೇಲೆ ಕನ್ನಡ ಮೊದಲು ಮಾತಾಡಿದ್ದು ಹೊರನಾಡಿನ ಸ್ಟುಡಿಯೋದಿಂದ ಎಂಬುದನ್ನು ಮಹಾರಾಷ್ಟ್ರದಲ್ಲಿರುವ ನಾವು ಮರೆಯಬಾರದು. ಆಗ ಇದ್ದದ್ದು ಒಂದೇ ಧ್ವನಿಪಥ. ಎಲ್ಲ ಮಾತೂ ಹಾಡೂ ತೆರೆಯ ಹಿಂದಿನ ಒಂದೇ ಸ್ಥಳದಿಂದ. ಮುಂದೆ ಹಾಲಿವುಡ್ ೧೯೪೦ರಲ್ಲಿ 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ ಬಹುಧ್ವನಿ ಏರ್ಪಾಡು ಮಾಡಿತು. ಅದರ ಸಲಕರಣೆ ಎಷ್ಟು ದುಬಾರಿಯೆಂದರೆ ಕೆಲವೇ ಮಂದಿರಗಳಲ್ಲಿ ಅಳವಡಿಸಲು ಸಾಧ್ಯವಾಯಿತು. ೧೯೫೩ರ 'ದಿ ರೋಬ್' ಚಿತ್ರದೊಡನೆ ಬಂದ ಸಿನಿಮಾಸ್ಕೋಪಿನಲ್ಲಿ ನಾಲ್ಕು ಪಥಗಳಿದ್ದವು: ತೆರೆಯ ಹಿಂದೆ ಮೂರು, ಪ್ರೇಕ್ಷಕರ ಸುತ್ತ ಒಂದು. ಮಂದಿರದಲ್ಲಿ ನಡುವಿನ ಧ್ವನಿವರ್ಧಕಕ್ಕೆ ಹೀಗೆ ಗಟ್ಟಿ ಸ್ಥಾನ ಸಿಕ್ಕಿತು.

ಮನೆಯ ಕಥೆ ಬೇರೆ. ಮನೆಗೆ ಮೊದಲು ಬಂದದ್ದು ರೇಡಿಯೋ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂದು ಹೆಸರಿತ್ತು. ಆ ಹೆಸರು ಮುಂದೆ ಇಡೀ ದೇಶದ್ದಾಯಿತು. ಬಾನಿನ ದನಿಯನ್ನು ಹಿಡಿದುಕೊಳ್ಳುವ ಪೆಟ್ಟಿಗೆಯಾದ್ದರಿಂದಲೇ ಅದಕ್ಕೆ 'ರಿಸೀವರ್' ಎಂಬ ಹೆಸರು. ರೇಡಿಯೋ ಟ್ಯೂನರನ್ನೂ ಆಂಪ್ಲಿಫಯರನ್ನೂ ಒಂದೇ ಡಬ್ಬಿಯಲ್ಲಿಟ್ಟು ಮಾರಿದಾಗಲೂ ಅದೇ ಹೆಸರು ಉಳಿಯಿತು. ಇಂದು ರೇಡಿಯೋ ಯಾರೂ ಹಚ್ಚದಿದ್ದರೂ ಹೋಂ ಥಿಯೇಟರಿನ ಪೆಟ್ಟಿಗೆಯನ್ನು ರಿಸೀವರ್ ಎಂದೇ ಕರೆಯುತ್ತೇವೆ.

೧೯೫೮ರಲ್ಲಿ ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳು ಮಾರುಕಟ್ಟೆಗೆ ಬಂದವು. ತಟ್ಟೆಯ ಗೀರಿಗೆ ಎರಡು ಗೋಡೆ. ಒಂದೊಂದು ಗೋಡೆಯಲ್ಲಿ ಒಂದೊಂದು ದನಿ. ಗೀರಿಗೆ ಮೂರನೆಯ ಗೋಡೆಯಿಲ್ಲ. ಬೆಲ್ ಪ್ರಯೋಗಾಲಯದವರು ಹೇಳಿದ್ದ ನಡುವಣ ದನಿ ಮನೆಯ ಹೊಸ್ತಿಲ ಹೊರಗೆ ನಿಂತದ್ದು ಈ ಸಣ್ಣ ಕಾರಣಕ್ಕೆ. ಸಂಗೀತಕ್ಕೆ ಎರಡೇ ಸಾಕೆಂದು ಜನ ಒಗ್ಗಿಕೊಂಡರು.

೧೯೭೦ರ ದಶಕದ ಆರಂಭದಲ್ಲಿ ಕಂಪನಿಗಳಿಗೆ ಎರಡು ಸಾಲದೆ ನಾಲ್ಕು ಬೇಕೆನ್ನಿಸಿತು. 'ಕ್ವಾಡ್ರಾಫೋನಿಕ್' ಎಂಬ ಹೆಸರಿನಲ್ಲಿ ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು ಬಂದವು. ಆಗಲೂ ನಡುವೆ ಒಂದೂ ಇಲ್ಲ! ಸಿ.ಬಿ.ಎಸ್.ನದು ಎಸ್.ಕ್ಯೂ. ಪದ್ಧತಿ, ಸನ್‌ಸುಯಿಯದು ಕ್ಯೂ.ಎಸ್., ಜೆ.ವಿ.ಸಿ.ಯದು ಸಿ.ಡಿ.-೪. ಒಂದರ ತಟ್ಟೆ ಇನ್ನೊಂದರಲ್ಲಿ ಸರಿಯಾಗಿ ನುಡಿಯದು. ಗ್ರಾಹಕ ಬೇಸತ್ತ, ದಶಕ ಮುಗಿಯುವುದರೊಳಗೆ ಮೂರೂ ಮೂಲೆ ಸೇರಿದವು. ದುಡ್ಡು ಸುರಿದವರ ಮನೆಯಲ್ಲಿ ನಾಲ್ಕು ಸ್ಪೀಕರು ಮಾತ್ರ ಉಳಿದವು.

ಅದೇ ದಶಕದಲ್ಲಿ, ೧೯೭೫ರ ಆಗಸ್ಟ್ ೧೫ರಂದು, 'ಶೋಲೆ' ಬಂದಿತು. ಅದರ ರಾಮಗಢ ನಮ್ಮ ರಾಮನಗರದ ಬಂಡೆಗಳ ನಡುವೆ ಎದ್ದ ಹಳ್ಳಿ ಎಂಬುದು ಕನ್ನಡಿಗರಿಗೆಲ್ಲ ಗೊತ್ತು. ೭೦ ಎಂ.ಎಂ. ತೆರೆಯ ಮೇಲೆ ಸ್ಟೀರಿಯೋ ಧ್ವನಿಯೊಡನೆ ಅದು ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು. ಎಸೆದ ನಾಣ್ಯದ ಸದ್ದು ಕೇಳಿ ಜನ ಕಾಲಡಿಯಲ್ಲಿ ಹುಡುಕಿದರೆಂದು ಹೇಳುವವರುಂಟು. ಆದರೆ ಆ ಚಿತ್ರದಿಂದ ಮನೆಮನೆಗೆ ಹೋದದ್ದು ನಾಣ್ಯದ ಸದ್ದಲ್ಲ, ಕುದುರೆಯ ಖುರಪುಟವೂ ಅಲ್ಲ. ಬರಿಯ ಸಂಭಾಷಣೆಯ ಗ್ರಾಮಫೋನ್ ತಟ್ಟೆಗಳು! ಜನ ಕೊಂಡದ್ದು ಮಾತನ್ನು.

ಮಾತಿಗೆ ಮನೆಯಲ್ಲಿ ಜಾಗ ಮಾಡಿಕೊಟ್ಟ ಹೆಸರು ರೇ ಡಾಲ್ಬಿಯವರದು. ಈ ಅಮೆರಿಕನ್ ಎಂಜಿನಿಯರ್ ೧೯೬೩ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಸಲಹೆಗಾರರಾಗಿ ಭಾರತದಲ್ಲಿದ್ದರು. ಟೇಪಿನ ಹಿಸ್ ಶಬ್ದವನ್ನು ತಗ್ಗಿಸುವ ಯೋಚನೆ ಅವರಿಗೆ ಹೊಳೆದದ್ದು ಇಲ್ಲಿದ್ದಾಗಲೇ. ೧೯೬೫ರಲ್ಲಿ ಲಂಡನ್ನಿನಲ್ಲಿ ತಮ್ಮ ಸಂಸ್ಥೆ ತೆರೆದರು. ಅವರ ಸಂಸ್ಥೆ ೧೯೭೦ರ ದಶಕದ ನಡುವೆ ತಂದ 'ಡಾಲ್ಬಿ ಸ್ಟೀರಿಯೋ'ದಲ್ಲಿ ಎಡ, ನಡು, ಬಲ, ಸುತ್ತಣ ಎಂಬ ನಾಲ್ಕು ದನಿಗಳನ್ನು ಎರಡೇ ಪಥಗಳಲ್ಲಿ ಹೆಣೆದು, ಮಂದಿರದಲ್ಲಿ ಮತ್ತೆ ಬಿಡಿಸುತ್ತಿದ್ದರು. ೧೯೭೭ರ 'ಸ್ಟಾರ್ ವಾರ್ಸ್' ಅದನ್ನು ಜನಪ್ರಿಯಗೊಳಿಸಿತು. ಎರಡು ಪಥಗಳಲ್ಲಿ ಅಡಗಿದ್ದರಿಂದ ಅದು ವಿಡಿಯೋ ಕ್ಯಾಸೆಟ್ಟಿನಲ್ಲೂ ಸುಮ್ಮನೆ ಮನೆಗೆ ಬಂದುಬಿಟ್ಟಿತು. ಆದರೆ ೧೯೮೨ರಲ್ಲಿ ಮನೆಗಾಗಿ ಬಂದ ಮೊದಲ ಡಾಲ್ಬಿ ಸರೌಂಡ್ ಯಂತ್ರಗಳು ಸುತ್ತಣ ದನಿಯನ್ನು ಬಿಡಿಸಿದವೇ ಹೊರತು ನಡುವಿನದನ್ನು ಬಿಡಿಸಲಿಲ್ಲ! ನಡುವಣ ದನಿ ಮನೆಯೊಳಗೆ ಕಾಲಿಟ್ಟದ್ದು ೧೯೮೭ರಲ್ಲಿ, 'ಪ್ರೊ ಲಾಜಿಕ್' ಬಂದಾಗ. ಬೆಲ್ ಪ್ರಯೋಗದಿಂದ ಎಣಿಸಿದರೆ ಐವತ್ತನಾಲ್ಕು ವರ್ಷಗಳ ಪ್ರಯಾಣ.

ಆಮೇಲಿನದು ವೇಗದ ಕಥೆ. ೧೯೯೨ರಲ್ಲಿ ಮಂದಿರಗಳಿಗೆ ಡಾಲ್ಬಿ ಡಿಜಿಟಲ್, ೧೯೯೩ರಲ್ಲಿ 'ಜುರಾಸಿಕ್ ಪಾರ್ಕ್' ಜೊತೆಗೆ ಡಿ.ಟಿ.ಎಸ್., ೧೯೯೬ರಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ನಾವು '೫.೧' ಎನ್ನುವುದು ಈ ಪದ್ಧತಿಯನ್ನೇ: ಮುಂದೆ ಮೂರು, ಸುತ್ತ ಎರಡು, ತಗ್ಗುಸ್ವರಕ್ಕೊಂದು. ೨೦೧೨ರಲ್ಲಿ ತಲೆಯ ಮೇಲಿಂದಲೂ ಸದ್ದು ಸುರಿಸುವ ಅಟ್ಮಾಸ್ ಬಂದು, ೨೦೧೪ರಲ್ಲಿ ಮನೆಯ ರಿಸೀವರುಗಳಿಗೂ ಇಳಿಯಿತು.

ಇಷ್ಟು ಚರಿತ್ರೆಯಿಂದ ಸಾಮಾನ್ಯ ಸಂಬಳದ ಮನೆಗೆ ದೊರೆಯುವ ಪಾಠವೇನು?

ಮೊದಲನೆಯದು, ಎಣಿಕೆಗೆ ಮರುಳಾಗಬೇಡಿ. ನಮ್ಮ ಫ್ಲ್ಯಾಟುಗಳ ಹಾಲಿಗೆ ೫.೧ ಧಾರಾಳ. ಹಣ ಕಡಿಮೆಯಿದ್ದರೆ ಮುಂದಿನ ಮೂರು ಸ್ಪೀಕರುಗಳನ್ನು ಒಂದೇ ಜಾತಿಯವು ಕೊಂಡು, ಸುತ್ತಣವನ್ನು ಮುಂದಿನ ವರ್ಷಕ್ಕೆ ಬಿಡಿ. ಒಂಬತ್ತು ದನಿಯ ರಿಸೀವರಿಗೆ ಅಗ್ಗದ ಸ್ಪೀಕರು ಕಟ್ಟುವುದಕ್ಕಿಂತ ಐದು ದನಿಯದಕ್ಕೆ ಒಳ್ಳೆಯ ಸ್ಪೀಕರು ಲೇಸು.

ಎರಡನೆಯದು ವಾಟಿನ ಲೆಕ್ಕ. ಟೇಪ್ ರೆಕಾರ್ಡರುಗಳ ಪೆಟ್ಟಿಗೆಯ ಮೇಲೆ 'ಪಿ.ಎಂ.ಪಿ.ಒ.' ಎಂದು ನೂರು, ಸಾವಿರ ಬರೆಯುತ್ತಿದ್ದ ಕಾಲ ನೆನಪಿದೆಯಲ್ಲವೇ? ಈ ಉತ್ಪ್ರೇಕ್ಷೆಗೆ ಕಡಿವಾಣ ಹಾಕಲು ಅಮೆರಿಕದ ಸರ್ಕಾರ ೧೯೭೪ರಲ್ಲೇ ನಿಯಮ ತರಬೇಕಾಯಿತು. ಇಂದಿಗೂ ಒಂದೇ ಚಾನೆಲ್ಲನ್ನು ಓಡಿಸಿ ಅಳೆದ ದೊಡ್ಡ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ. ಸಣ್ಣಕ್ಷರದಲ್ಲಿ '೮ ಓಮ್, ೨೦ ಹರ್ಟ್ಸ್‌ನಿಂದ ೨೦ ಕಿಲೋಹರ್ಟ್ಸ್, ಎರಡು ಚಾನೆಲ್' ಎಂದಿರುವ ಅಂಕಿಯನ್ನು ಹುಡುಕಿ ಅದನ್ನೇ ಹೋಲಿಸಿ. ಐವತ್ತು ವಾಟು ನೂರಾದರೆ ಸದ್ದು ಇಮ್ಮಡಿಯಾಗುವುದಿಲ್ಲ. ಮೂರು ಡೆಸಿಬೆಲ್ ಮಾತ್ರ ಏರುತ್ತದೆ. ಪಕ್ಕದ ಮನೆಯವರ ಗೋಡೆ ನಮ್ಮ ಗೋಡೆಯೂ ಆಗಿರುವಲ್ಲಿ ಐವತ್ತೇ ಹೆಚ್ಚು.

ಮೂರನೆಯದು ಹಳೆಯ ಕನ್ನಡ ಚಿತ್ರಗಳ ವಿಷಯ. ೧೯೫೪ರ 'ಬೇಡರ ಕಣ್ಣಪ್ಪ'ನಿಗೆ ಇದ್ದದ್ದು ಒಂದೇ ಧ್ವನಿಪಥ. ಅಂಥವಕ್ಕೆ ಸರೌಂಡ್ ಏಕೆ ಎಂದು ಕೇಳುವವರಿದ್ದಾರೆ. ಎಡಬಲದಲ್ಲಿ ಒಂದೇ ಸಮನಾಗಿ ಇರುವ ದನಿಯನ್ನು ಡಾಲ್ಬಿಯ ಸರೌಂಡ್ ಏರ್ಪಾಡು ನಡುವಿನ ಸ್ಪೀಕರಿಗೇ ಒಯ್ಯುತ್ತದೆ. ಹೀಗಾಗಿ ಹಳೆಯ ಚಿತ್ರದ ಮಾತು, ಮಂದಿರದಲ್ಲಿ ಬಂದಂತೆಯೇ, ತೆರೆಯ ನಡುವಿನಿಂದ ಬರುತ್ತದೆ. ರಿಸೀವರಿನಲ್ಲಿ 'ಡಾಲ್ಬಿ ಸರೌಂಡ್' ಅಥವಾ 'ಪ್ರೊ ಲಾಜಿಕ್' ಇದ್ದರೆ ಸಾಕು. 'ಎಲ್ಲ ಸ್ಪೀಕರಿನಲ್ಲೂ ಸ್ಟೀರಿಯೋ' ಎಂಬ ಗುಂಡಿಯನ್ನು ಮಾತ್ರ ಒತ್ತಬೇಡಿ. ಅದರಲ್ಲಿ ಮಾತು ಕೋಣೆಯೆಲ್ಲ ಚದುರಿಹೋಗುತ್ತದೆ.

ನಾಲ್ಕನೆಯದು ಜೋಡಣೆ. ಟಿ.ವಿ.ಯಲ್ಲಿ ಎಚ್.ಡಿ.ಎಂ.ಐ. ತೂತಿನ ಬಳಿ 'ಎ.ಆರ್.ಸಿ.' ಅಥವಾ 'ಈ-ಎ.ಆರ್.ಸಿ.' ಎಂದಿದ್ದರೆ ಒಂದೇ ತಂತಿಯಲ್ಲಿ ದನಿ ರಿಸೀವರಿಗೆ ಬರುತ್ತದೆ. ಯಾರಾದರೂ ಕೊಟ್ಟ ಹಳೆಯ ರಿಸೀವರಿದ್ದರೆ ಎಸೆಯಬೇಡಿ. ಎಚ್.ಡಿ.ಎಂ.ಐ. ಇಲ್ಲದಿದ್ದರೂ ಆಪ್ಟಿಕಲ್ ತಂತಿಯಲ್ಲಿ ಡಾಲ್ಬಿ ಡಿಜಿಟಲ್ ೫.೧ ಹರಿಯುತ್ತದೆ. ಆದರೆ ಮಗಳೋ ಅಳಿಯನೋ ಅಮೆರಿಕದಿಂದ ತಂದದ್ದಾದರೆ ಹಿಂಬದಿಯ ಚೀಟಿ ಓದದೆ ಪ್ಲಗ್ಗು ಚುಚ್ಚಬೇಡಿ. ಅಲ್ಲಿಯದು ೧೨೦ ವೋಲ್ಟು, ನಮ್ಮದು ೨೩೦. ನಡುವೆ ಟ್ರಾನ್ಸ್‌ಫಾರ್ಮರು ಇಲ್ಲದಿದ್ದರೆ ಹೊಗೆಯೇ ಗತಿ.

ಕಡೆಯದಾಗಿ, ಲ್ಯಾಮಿಂಗ್ಟನ್ ರೋಡಿಗೋ ಇನ್ನೆಲ್ಲಿಗೋ ಕೊಳ್ಳಲು ಹೋದಾಗ ಅಂಗಡಿಯವನು ತೋರಿಸುವ ಸ್ಫೋಟಗಳನ್ನು ಕೇಳಿ ತಲೆದೂಗಬೇಡಿ. ನಿಮಗೆ ಗೊತ್ತಿರುವ ಕನ್ನಡ ಚಿತ್ರವೊಂದರ ಸಂಭಾಷಣೆಯನ್ನು ಒಯ್ದು ಹಾಕಿಸಿ, ಪಕ್ಕಕ್ಕೆ ಸರಿದು ನಿಂತು ಕೇಳಿ. ಪಿಸುಮಾತು ತಿಳಿದರೆ ಕೊಳ್ಳಿ.

ಸಂಕ್ರಾಂತಿಯ ಎಳ್ಳು-ಬೆಲ್ಲದ ನೆಪದಲ್ಲಿ ಡೊಂಬಿವಲಿಗೆ ಮತ್ತೆ ಹೋದೆವು. ನಡುವಿನ ಸ್ಪೀಕರು ಷೋಕೇಸಿನ ಕೆಳಗಣ ಅರೆಯಲ್ಲಿ, ಗಾಜಿನ ಬಾಗಿಲ ಹಿಂದೆ, ಚನ್ನಪಟ್ಟಣದ ಬೊಂಬೆಗಳ ನಡುವೆ ಕುಳಿತಿತ್ತು. ಅದನ್ನು ಹೊರತೆಗೆದು ಟಿ.ವಿ.ಯ ಕೆಳಗೆ, ಮುಖ ಸ್ವಲ್ಪ ಮೇಲೆತ್ತಿ ಇಟ್ಟೆವು. ರಿಸೀವರಿನಲ್ಲಿ ನಡುವಿನ ದನಿಯನ್ನು ಮೂರು ಡೆಸಿಬೆಲ್ ಏರಿಸಿ, ರಾತ್ರಿಯ ಹೊತ್ತು ಗುಡುಗನ್ನು ತಗ್ಗಿಸುವ 'ನೈಟ್ ಮೋಡ್' ಹಾಕಿದೆವು. ಒಂದು ಪೈಸೆ ಖರ್ಚಾಗಲಿಲ್ಲ. ಅದೇ ಚಿತ್ರ ಮತ್ತೆ ಆರಂಭವಾಯಿತು. ಅಜ್ಜಿ ಕಿಟಕಿಯ ಪಕ್ಕದಲ್ಲಿ ಕೂತು ಬಹಳ ಹೊತ್ತು ಏನನ್ನೂ ಕೇಳಲಿಲ್ಲ. ಅಕ್ಷರಗಳಿಲ್ಲದ ತೆರೆಯನ್ನು ನೋಡುತ್ತಿದ್ದ ಮೊಮ್ಮಗನೇ ನಡುವೆ ತಿರುಗಿ, "ಅಜ್ಜಿ, 'ಹರಕೆ' ಅಂದ್ರೆ ಏನು?" ಎಂದ.

ಅಜ್ಜಿ ಹೇಳತೊಡಗಿದರು. ನಾವು ರಿಮೋಟು ತೆಗೆದುಕೊಂಡು ಚಿತ್ರವನ್ನು ನಿಲ್ಲಿಸಿದೆವು.